‘ಎಷ್ಟು’ ಎಂಬ ಶಬ್ದವೂ ಪರಿಮಾಣ ವ್ರತವೂ

ಬೀದರ ಜಿಲ್ಲೆಯ ಹುಮನಾಬಾದ ತಾಲೂಕಿನ ಹಳ್ಳಿಖೇಡ (ಬಿ) ಎಂಬ ಊರಿನ ಹೆಸರಿನಲ್ಲಿಯೇ ಒಂದು ಪರಿಮಾಣವು ಅಡಗಿದೆ. ಕಂಸದೊಳಗಿನ ‘ಬಿ’ ಎಂಬುದು ಫಾರಸಿಯ ‘ಬುಜುರ್ಗ್’ ಶಬ್ದದ ಸಂಕ್ಷೇಪ. ಹಿರಿದು ಎಂದು ಅದರ ಅರ್ಥ. ‘ಕೆ’ ಎಂದರೆ ‘ಖುರ್ದ್’, ಅಂದರೆ ಕಿರಿದು. ಒಂದೇ ಹೆಸರಿನ ಎರಡು ಊರುಗಳಿದ್ದಾಗ ಕಂದಾಯದ ದಫ್ತರವು ಅವುಗಳನ್ನು ಹೀಗೆ ಗುರುತಿಸುತ್ತಿತ್ತು. ಹಿರಿದೆಂದರೆ ಎಷ್ಟು ಹಿರಿದು, ಕಿರಿದೆಂದರೆ ಎಷ್ಟು ಕಿರಿದು ಎಂಬುದನ್ನು ದಫ್ತರವು ಹೇಳುವುದಿಲ್ಲ. ಒಂದಕ್ಕಿಂತ ಇನ್ನೊಂದು ಎಂಬುದಷ್ಟೇ ಅದರ ತಾತ್ಪರ್ಯ. ಲೋಕದಲ್ಲಿ ‘ಎಷ್ಟು’ ಎಂದು ಕೇಳುವವನ ಮನಸ್ಸೂ ಬಹುಮಟ್ಟಿಗೆ ಹೀಗೆಯೇ ಇರುತ್ತದೆ. ತನ್ನದು ಎಷ್ಟೆಂಬುದಕ್ಕಿಂತ ನೆರೆಯವನದಕ್ಕಿಂತ ಎಷ್ಟು ಹೆಚ್ಚು ಎಂಬುದೇ ಅವನ ಚಿಂತೆ.

ಹಳಗನ್ನಡದ ‘ಎನಿತು’ ಇಂದು ಬಳಕೆಯಲ್ಲಿಲ್ಲ. ‘ಎಷ್ಟು’ ಆ ಸ್ಥಾನವನ್ನು ಪಡೆದಿದೆ. ಹಳ್ಳಿಖೇಡದ ಸೀಮೆಯಲ್ಲಿ ಕನ್ನಡದವನು ‘ಎಷ್ಟು’ ಎಂದರೆ ಮರಾಠಿಯವನು ‘ಕಿತಿ’ ಎನ್ನುತ್ತಾನೆ, ಉರ್ದು ಮಾತಾಡುವವನು ‘ಕಿತ್ನಾ’ ಎನ್ನುತ್ತಾನೆ. ತೊಗರಿಯ ಭಾವ ಮಾತ್ರ ಮೂವರಿಗೂ ಒಂದೇ. ಇಂಗ್ಲಿಷಿನಲ್ಲಿ ಎಣಿಸುವ ವಸ್ತುವಿಗೆ ಒಂದು ಪ್ರಶ್ನೆಯೂ ಅಳೆಯುವ ವಸ್ತುವಿಗೆ ಇನ್ನೊಂದು ಪ್ರಶ್ನೆಯೂ ಇವೆ. ಕನ್ನಡದಲ್ಲಿ ಆ ಭೇದವಿಲ್ಲ. ಎಷ್ಟು ಮಂದಿ, ಎಷ್ಟು ಹಾಲು, ಎಷ್ಟು ದೂರ, ಎಷ್ಟು ಹೊತ್ತು, ಎಷ್ಟು ವಾತ್ಸಲ್ಯ, ಎಲ್ಲಕ್ಕೂ ಒಂದೇ ಶಬ್ದ. ‘ಎಷ್ಟನೆಯ ಮಗ’ ಎಂದು ಕನ್ನಡಿಗನು ಸಲೀಸಾಗಿ ಕೇಳುತ್ತಾನೆ. ಇಂಗ್ಲಿಷಿನವನು ಅದಕ್ಕೆ ಸುತ್ತಿ ಬಳಸಿ ಹೇಳಬೇಕು.

ಈ ಶಬ್ದವು ಯಾವಾಗಲೂ ಪ್ರಶ್ನೆಯಾಗಿಯೇ ಇರುವುದೂ ಇಲ್ಲ. ‘ಎಷ್ಟು ಚೆಂದ!’ ಎಂಬಲ್ಲಿ ಅದು ಉದ್ಗಾರ. ಉತ್ತರವನ್ನು ಯಾರೂ ನಿರೀಕ್ಷಿಸುವುದಿಲ್ಲ. ‘ಎಷ್ಟಾದರೂ ತಮ್ಮನಲ್ಲವೇ’ ಎಂಬಲ್ಲಿ ಲೆಕ್ಕವನ್ನೇ ಬದಿಗಿಟ್ಟು ಸಂಬಂಧವನ್ನು ಎತ್ತಿಹಿಡಿಯುತ್ತದೆ. ‘ಅವನು ಎಷ್ಟರವನು’ ಎಂಬಲ್ಲಿ ಅದೇ ಶಬ್ದವು ಮನುಷ್ಯನನ್ನು ತಕ್ಕಡಿಗೆ ಹಾಕಿ ಹಗುರವೆಂದು ತೀರ್ಮಾನಿಸುತ್ತದೆ. ಸಂಬಂಧದ ಮಾತುಕತೆಗೆ ಕುಳಿತ ಹಿರಿಯರು ‘ಎಷ್ಟು ತೊಲ?’ ಎಂದು ಕೇಳುವಾಗ ಬಂಗಾರದೊಂದಿಗೆ ಹೆಣ್ಣುಮಗಳೂ ತೂಗಲ್ಪಡುತ್ತಾಳೆ. ವರದಕ್ಷಿಣೆಯನ್ನು ನಿಷೇಧಿಸುವ ಕಾಯಿದೆಯು 1961ರಲ್ಲಿಯೇ ಬಂದಿತು. ಆ ಪ್ರಶ್ನೆಯು ಮಾತ್ರ ಜಗಲಿಯಿಂದ ಒಳಮನೆಗೆ ಸರಿದು ಉಳಿದುಕೊಂಡಿತು. ಬಸದಿಯಲ್ಲಿ ಅಭಿಷೇಕದ ಕಲಶಕ್ಕೆ ಸವಾಲು ಕೂಗುವಾಗಲೂ ‘ಎಷ್ಟು?’ ಎಂಬ ಧ್ವನಿಯೇ ಮೊದಲು ಕೇಳಿಸುತ್ತದೆ. ಬಸದಿಯ ಜೀರ್ಣೋದ್ಧಾರಕ್ಕೆ ಹಣ ಬೇಕೆಂಬುದು ನಿಜ. ಆದರೆ ಎರಡನೆಯ ಕಲಶಕ್ಕೆ ನಿಂತವನ ಕಣ್ಣು ಜಿನಬಿಂಬದ ಮೇಲಿದೆಯೋ ಮೊದಲನೆಯದನ್ನು ಪಡೆದವನ ಮೇಲಿದೆಯೋ ಎಂಬುದನ್ನು ಅವನೇ ಬಲ್ಲನು.

ಅಳತೆಯು ಸ್ಥಿರವೆಂಬುದೂ ಭ್ರಮೆಯೇ. ಬೀದರ ಸೀಮೆಯು ಹೈದರಾಬಾದ ಸಂಸ್ಥಾನದಲ್ಲಿದ್ದಾಗ ಅಲ್ಲಿ ಹಾಲಿ ಸಿಕ್ಕಾ ಚಲಾವಣೆಯಲ್ಲಿತ್ತು. 1950ರಲ್ಲಿ ಭಾರತದ ರೂಪಾಯಿಯೂ ಜೊತೆಗೂಡಿದಾಗ ಏಳು ಹಾಲಿ ರೂಪಾಯಿಗಳಿಗೆ ಆರು ರೂಪಾಯಿ ಎಂಬ ದರವಿತ್ತು. ಹಾಲಿ ಸಿಕ್ಕಾ ಪೂರ್ಣವಾಗಿ ರದ್ದಾದುದು 1959ರಲ್ಲಿ. ಆ ವರ್ಷಗಳಲ್ಲಿ ‘ಎಷ್ಟು?’ ಎಂದು ಕೇಳಿ ‘ನೂರು’ ಎಂಬ ಉತ್ತರ ಪಡೆದವನು ‘ಯಾವ ನೂರು?’ ಎಂದು ಮತ್ತೆ ಕೇಳಬೇಕಾಗಿತ್ತು. ಅನಂತರ ಸೇರು, ಮಣಗಳು ಹೋಗಿ ಕಿಲೋ, ಕ್ವಿಂಟಲುಗಳು ಬಂದವು. ಅಳತೆಯು ಬದಲಾಗುವ ಸಂಧಿಕಾಲವು ಕಳ್ಳತೂಕಕ್ಕೆ ಬಹಳ ಅನುಕೂಲ. ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ಎಂಬ ಎರಡು ಬಗೆಯ ಮಾನಗಳನ್ನು ಇಟ್ಟುಕೊಳ್ಳುವುದನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ಈ ವಿಷಯದಲ್ಲಿ ವಾದಕ್ಕೆ ಅವಕಾಶವಿಲ್ಲ.

ವಾದಕ್ಕೆ ಅವಕಾಶವಿರುವುದು ಪರಿಗ್ರಹ ಪರಿಮಾಣ ವ್ರತದಲ್ಲಿ. ಪರಿಗ್ರಹದ ಲಕ್ಷಣವನ್ನು ಉಮಾಸ್ವಾಮಿಗಳು ವಸ್ತುವಿನಲ್ಲಿ ಹೇಳದೆ ಮೂರ್ಛೆಯಲ್ಲಿ, ಎಂದರೆ ಮಮತೆಯಿಂದುಂಟಾಗುವ ಮೈಮರವೆಯಲ್ಲಿ ಹೇಳಿದರು. ಹಾಗಾದರೆ ಹೊಲ, ಮನೆ, ಬೆಳ್ಳಿ, ಬಂಗಾರ, ದನ, ಧಾನ್ಯಗಳನ್ನು ಎಣಿಸಿ ಮಿತಿ ಹಾಕಿಕೊಳ್ಳುವುದೇಕೆ? ಮಮತೆಯಿಲ್ಲದವನಿಗೆ ನೂರು ಎಕರೆಯೂ ಪರಿಗ್ರಹವಲ್ಲ, ಮಮತೆಯುಳ್ಳವನಿಗೆ ಹರಿದ ಕಂಬಳಿಯೂ ಪರಿಗ್ರಹವೆಂದು ಹೇಳಿ ಸುಮ್ಮನಿರಬಹುದಲ್ಲ? ಈ ಮಾತನ್ನು ಸಾಮಾನ್ಯವಾಗಿ ಆಡುವವರು ನೂರು ಎಕರೆ ಉಳ್ಳವರೇ. ಮೂರ್ಛೆಗೆ ಗಜಕಡ್ಡಿಯಿಲ್ಲ. ‘ತನಗೆ ಮಮತೆಯಿಲ್ಲ’ ಎಂಬ ಮಾತನ್ನು ಹೇಳಿದವನೂ ಪರೀಕ್ಷಿಸಲಾರನು. ಹೊಲದ ಗುಂಟೆಗಳನ್ನಾದರೋ ಎಣಿಸಬಹುದು. ಗೃಹಸ್ಥನ ಕೈಗೆ ಸಿಗುವ ಹಿಡಿ ಅದೊಂದೇ. ಮಹಾವ್ರತಿಯಾದ ಮುನಿಗೆ ‘ಎಷ್ಟು?’ ಎಂಬ ಪ್ರಶ್ನೆಯೇ ಇಲ್ಲ, ಏಕೆಂದರೆ ಅವನು ಎಲ್ಲವನ್ನೂ ಬಿಟ್ಟವನು. ಮಿತಿಯಿಲ್ಲದ ಲೋಭಿಗೂ ಅದು ಇಲ್ಲ, ಏಕೆಂದರೆ ಅವನ ಉತ್ತರವು ಯಾವಾಗಲೂ ‘ಇನ್ನಷ್ಟು’. ಇವರಿಬ್ಬರ ನಡುವೆ ನಿಂತ ಶ್ರಾವಕನಿಗೆ ಮಾತ್ರ ಇದು ನಿಜವಾದ ಪ್ರಶ್ನೆ.

ಉತ್ತರಾಧ್ಯಯನದ ಎಂಟನೆಯ ಅಧ್ಯಯನಕ್ಕೆ ಸಂಬಂಧಿಸಿದ ಕಪಿಲನ ಕಥೆಯನ್ನು ಇಲ್ಲಿ ನೆನೆಯಬೇಕು. ಕೌಶಾಂಬಿಯ ಬ್ರಾಹ್ಮಣಪುತ್ರನಾದ ಕಪಿಲನು ವಿದ್ಯೆಗಾಗಿ ಶ್ರಾವಸ್ತಿಗೆ ಹೋಗಿ ಅಲ್ಲಿ ದಾಸಿಯೊಬ್ಬಳಲ್ಲಿ ಅನುರಕ್ತನಾದನು. ಮುಂಜಾನೆ ಮೊದಲು ಬಂದು ಹರಸಿದವನಿಗೆ ಎರಡು ಮಾಷ ಬಂಗಾರ ದೊರೆಯುವುದೆಂದು ತಿಳಿದು ನಡುರಾತ್ರಿಯೇ ಹೊರಟು, ಕಳ್ಳನೆಂದು ಹಿಡಿಯಲ್ಪಟ್ಟು ರಾಜನ ಮುಂದೆ ನಿಂತನು. ಅವನು ಸತ್ಯವನ್ನೇ ಹೇಳಿದ್ದರಿಂದ ಮೆಚ್ಚಿದ ರಾಜನು ಬೇಕಾದಷ್ಟನ್ನು ಕೇಳೆಂದನು. ಎರಡು ಮಾಷವೆಂದರೆ ಅಕ್ಕಸಾಲಿಗರು ಈಚೆಗಿನವರೆಗೂ ಬಳಸಿದ ಲೆಕ್ಕದಲ್ಲಿ ತೊಲದ ಆರನೆಯ ಒಂದು ಪಾಲು, ಸುಮಾರು ಎರಡು ಗ್ರಾಂ. ಆದರೆ ಉಪವನದಲ್ಲಿ ಕುಳಿತು ಯೋಚಿಸಿದ ಕಪಿಲನಿಗೆ ಎರಡು ಸಾಲದಾಯಿತು. ನೂರು, ಸಾವಿರ, ಲಕ್ಷ, ಕೋಟಿ ಎಂದು ಏರುತ್ತಲೇ ಹೋದನು. ಕೋಟಿಯ ಮೇಲೂ ನಿಲ್ಲಲೊಲ್ಲದ ತನ್ನ ಮನಸ್ಸನ್ನು ಕಂಡು ಬೆಚ್ಚಿ ಅಲ್ಲಿಯೇ ವಿರಕ್ತನಾದನು. ‘ಬೇಕಾದಷ್ಟು’ ಎಂಬುದು ಎಷ್ಟೂ ಅಲ್ಲವೆಂಬುದು ಅವನಿಗೆ ಹೊಳೆಯಿತು.

ಹಳ್ಳಿಖೇಡಕ್ಕೆ ಸಮೀಪವಾದ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ನಡೆದುದೆಂದು ಹೇಳುವ ಪ್ರಸಂಗವು ಬೇರೊಂದು ಬಗೆಯದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದನು. ಹೆಂಡತಿ ಲಕ್ಕಮ್ಮನು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳುಹಿಸಿದಳು. ಪಂಥವು ಬೇರೆಯಾದರೂ ಪರಿಮಾಣ ವ್ರತವನ್ನು ಇದಕ್ಕಿಂತ ಸ್ಪಷ್ಟವಾಗಿ ಆಚರಿಸಿ ತೋರಿಸುವುದು ಕಷ್ಟ. ಕಪಿಲನು ತನ್ನನ್ನು ತಾನೇ ಕೇಳಿಕೊಳ್ಳುತ್ತ ಕೋಟಿಯವರೆಗೆ ಹೋಗಬೇಕಾಯಿತು. ಮಾರಯ್ಯನನ್ನು ಕೇಳಲು ಮನೆಯಲ್ಲಿಯೇ ಒಬ್ಬಳಿದ್ದುದರಿಂದ ಅವನು ಒಂದು ಸೆರಗಿನಷ್ಟು ಅಕ್ಕಿಯಲ್ಲಿಯೇ ಉಳಿದುಕೊಂಡನು.

ಮಿತಿಯನ್ನು ಹಾಕಿಕೊಂಡವನು ಅದನ್ನು ಮುರಿಯದೆಯೇ ದಾಟುವ ಉಪಾಯಗಳನ್ನು ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಚೆನ್ನಾಗಿ ಬಯಲಿಗೆಳೆದಿದ್ದಾರೆ. ಎರಡು ಹೊಲಗಳ ನಡುವಣ ಬದುವನ್ನು ತೆಗೆದು ಒಂದೇ ಹೊಲವೆನ್ನುವುದು. ಹೆಚ್ಚಾದ ಬಂಗಾರವನ್ನು ವ್ರತದ ಅವಧಿ ಮುಗಿಯುವವರೆಗೆ ಇನ್ನೊಬ್ಬರಲ್ಲಿ ಇಡುವುದು. ಕೊಂಡ ಧಾನ್ಯವನ್ನು ಕಟ್ಟಿಸಿ ಮಾರುವವನ ಮನೆಯಲ್ಲಿಯೇ ಬಿಡುವುದು. ಎರಡು ಪಾತ್ರೆಗಳನ್ನು ಕರಗಿಸಿ ಒಂದು ದೊಡ್ಡ ಪಾತ್ರೆ ಮಾಡಿಸುವುದು. ಗಬ್ಬದ ಹಸುವನ್ನು ಒಂದೆಂದು ಎಣಿಸುವುದು. ಎಂಟು ನೂರು ವರ್ಷಗಳಾಚೆಯ ಗುಜರಾತಿನ ಶ್ರಾವಕರ ಜಾಣತನವಿದು. 1974ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯಿದೆಯು ಬಿಗಿಯಾದಾಗ ಹೊಲಗಳನ್ನು ಮಕ್ಕಳ, ಸಂಬಂಧಿಕರ ಹೆಸರುಗಳಿಗೆ ಹಂಚಿ ಬರೆಯಿಸಿದವರು ಹೇಮಚಂದ್ರರನ್ನು ಓದಿರಲಿಲ್ಲ. ಆ ಜಾಣತನಕ್ಕೆ ಓದು ಬೇಕಿಲ್ಲ. ಕಾಯಿದೆಗೆ ಹಾಗೆ ಮಣ್ಣೆರಚಬಹುದು, ಏಕೆಂದರೆ ಮಿತಿಯನ್ನು ಹಾಕಿದವನು ಬೇರೆ, ದಾಟುವವನು ಬೇರೆ. ವ್ರತದಲ್ಲಿ ಇಬ್ಬರೂ ಒಬ್ಬನೇ.

ಇನ್ನೊಂದು ತೊಡಕು ಈ ಕಾಲದ್ದು. ಮೂವತ್ತು ವರ್ಷಗಳ ಹಿಂದೆ ಐದು ಲಕ್ಷ ರೂಪಾಯಿಗಳ ಮಿತಿಯನ್ನು ಸ್ವೀಕರಿಸಿದ ಶ್ರಾವಕನ ಅದೇ ಮನೆ, ಅದೇ ಹೊಲಗಳ ಬೆಲೆಯು ಇಂದು ಅದನ್ನು ಎಷ್ಟೋ ಮೀರಿರುತ್ತದೆ. ಅವನು ವ್ರತಭಂಗ ಮಾಡಿದನೆ? ಮಾಡಿಲ್ಲವೆನ್ನಬೇಕು. ಅವನ ವಸ್ತು ಹೆಚ್ಚಲಿಲ್ಲ, ರೂಪಾಯಿ ಕುಗ್ಗಿತು. ಆದರೆ ಈ ನೆವದಿಂದಲೇ ಅಂಕಿಯನ್ನು ಐವತ್ತು ಲಕ್ಷಕ್ಕೆ ಏರಿಸಿ ಎರಡನೆಯ ಮನೆಯನ್ನು ಕೊಂಡರೆ ಮಾತು ಬೇರೆಯಾಗುತ್ತದೆ. ಸೂತ್ರಕಾರರು ನಾಣ್ಯದ ಮೊತ್ತವನ್ನು ಹೇಳದೆ ಕ್ಷೇತ್ರ, ವಾಸ್ತು, ಧಾನ್ಯಗಳೆಂದು ವಸ್ತುಗಳನ್ನೇ ಹೆಸರಿಸಿದುದರ ಪ್ರಯೋಜನವು ಇಲ್ಲಿ ಕಾಣುತ್ತದೆ. ಮಿತಿಯನ್ನು ತಿದ್ದುವುದು ಅನಿವಾರ್ಯವಾದರೆ ಹಣವು ಬರುವ ಮೊದಲು, ಗುರುವಿನ ಅಥವಾ ಮನೆಯವರ ಎದುರಿನಲ್ಲಿ ತಿದ್ದಬೇಕು. ಬಂದ ಮೇಲೆ ತಿದ್ದಹೊರಟರೆ ಕೇಳುವುದೂ ಲೋಭವೇ, ಉತ್ತರಿಸುವುದೂ ಲೋಭವೇ.

ಹಳ್ಳಿಖೇಡದ ಹೆಸರಿನ ‘ಖೇಡ’ವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿಯೂ ಇದೆ. ಅದು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷನ ಆಶ್ರಯದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. ‘ಎಷ್ಟು?’ ಎಂಬ ಪ್ರಶ್ನೆಗೆ ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ಮೂರು ನೆಲೆಗಳಲ್ಲಿ ಉತ್ತರಿಸಿದ ಪರಂಪರೆ ಅವರದು. ಜೀವರಾಶಿಯನ್ನೂ ಆಕಾಶಪ್ರದೇಶಗಳನ್ನೂ ಅನಂತವೆಂದು ಹೇಳಲು ಅಂಜದ ಆ ಪರಂಪರೆಯೇ ಊಟದ ವಿಷಯಕ್ಕೆ ಬಂದಾಗ ಬೆರಳು ಮಡಿಚಿ ಎಣಿಸುತ್ತದೆ. ಪುರುಷನ ಪೂರ್ಣಾಹಾರಕ್ಕೆ ಮೂವತ್ತೆರಡು ತುತ್ತುಗಳೆಂದೂ ಸ್ತ್ರೀಗೆ ಇಪ್ಪತ್ತೆಂಟೆಂದೂ ಲೆಕ್ಕ. ಅವುಗಳಲ್ಲಿ ಒಂದೇ ತುತ್ತನ್ನು ಬಿಟ್ಟು ಎದ್ದರೂ ಅದು ಅವಮೌದರ್ಯವೆಂಬ ತಪಸ್ಸಾಗುತ್ತದೆ.