ನಳಿಗೆಯೊಳಗೆ ಉಳಿದದ್ದು

ಮಲೆನಾಡಿನ ಅಥವಾ ಕರಾವಳಿಯ ಹಳೆಯ ಮನೆಗಳಿಗೆ ನೀವು ಹೋಗಿದ್ದರೆ, ಚಾವಡಿಯ ಗೋಡೆಯಲ್ಲಿ ಎರಡು ಮೊಳೆಗಳ ಆಸರೆ ಪಡೆದು ಮಲಗಿರುವ ಉದ್ದನೆಯ ಕೋವಿಯೊಂದನ್ನು ಕಂಡಿರಬಹುದು. ತೋಟಾ ತುಂಬುವ ಇಂದಿನ ಬಂದೂಕಲ್ಲ ಅದು. ನಳಿಗೆಯ ಬಾಯಿಯಿಂದ ಕರಿಮದ್ದನ್ನು ಸುರಿದು, ಗಜದಿಂದ ಜಡಿದು, ಹಿಂಬದಿಯಲ್ಲಿ ಕೇಪು ಇಟ್ಟು ಹಾರಿಸುವ ಕೇಪಿನ ಕೋವಿ. ನಮ್ಮ ಅಜ್ಜನ ಮನೆಯಲ್ಲಿಯೂ ಅಂಥದ್ದೊಂದಿತ್ತು. ಪ್ರತಿವರ್ಷ ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಅಜ್ಜ ಅದನ್ನು ಕೆಳಗಿಳಿಸುತ್ತಿದ್ದರು. ಗಜಕ್ಕೆ ಹಳೆಯ ಬಟ್ಟೆ ಸುತ್ತಿ ನಳಿಗೆಯ ಒಳಗನ್ನು ಉಜ್ಜಿ, ಕಬ್ಬಿಣಕ್ಕೆ ಎಣ್ಣೆ ಸವರಿ, ಮತ್ತೆ ಮೊಳೆಗೇರಿಸುತ್ತಿದ್ದರು. ನಾನು ಕಂಡಂತೆ ಅವರು ಒಮ್ಮೆಯೂ ಅದನ್ನು ಹಾರಿಸಲಿಲ್ಲ. ಹಾರಿಸದ ಕೋವಿಗೆ ಇಷ್ಟೇಕೆ ಉಪಚಾರವೆಂದು ಕೇಳಿದರೆ, "ಇರುವವರೆಗೆ ನೋಡಿಕೊಳ್ಳಬೇಕಲ್ಲ, ಮಗಾ" ಎಂದಷ್ಟೇ ಹೇಳುತ್ತಿದ್ದರು.

ಆ ಉತ್ತರದ ಹಿಂದೆ ಏನಿತ್ತೆಂಬುದು ತಿಳಿದದ್ದು ಅವರು ತೀರಿಕೊಂಡ ಮೇಲೆ. ಅದನ್ನು ಹೇಳುವ ಮೊದಲು ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಕೊಲ್ಲುವುದಕ್ಕೆಂದೇ ನಿರ್ಮಿತವಾದ ವಸ್ತುವನ್ನು ಪ್ರೀತಿಯಿಂದ ಕಾಪಾಡುವುದು, ಅದರ ಅಂದವನ್ನು ಮೆಚ್ಚುವುದು, ಕೆಲವೊಮ್ಮೆ ಗುರಿಯಿಟ್ಟು ಹಾರಿಸಿ ಸಂತೋಷಪಡುವುದು ಸರಿಯೆ?

ಹಾಗೆ ಸಂತೋಷಪಡುವವರು ಜಗತ್ತಿನಲ್ಲಿ ಸಾಕಷ್ಟು ಮಂದಿ ಇದ್ದಾರೆ. ಅವರಲ್ಲಿ ಕೆಲವರ ಒಲವು ಕೇಪಿನ ಕೋವಿಗಿಂತಲೂ ಪುರಾತನವಾದ ಬತ್ತಿಕೋವಿಯ ಮೇಲೆ. ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದ ಹುರಿಯೊಂದು ಈ ಕೋವಿಯಲ್ಲಿ ಮೆಲ್ಲಗೆ ಉರಿಯುತ್ತಿರುತ್ತದೆ. ಕುದುರೆಯನ್ನು ಎಳೆದಾಗ ಆ ಕೆಂಡ ಬಾಗಿ ಮದ್ದನ್ನು ಮುಟ್ಟುತ್ತದೆ. 1543ರಲ್ಲಿ ಚೀನೀ ಹಡಗೊಂದರಲ್ಲಿ ಬಂದಿಳಿದ ಪೋರ್ಚುಗೀಸರಿಂದ ಜಪಾನಿನ ತನೆಗಾಶಿಮ ದ್ವೀಪದ ಯುವ ಒಡೆಯನು ಇಂಥ ಎರಡು ಕೋವಿಗಳನ್ನು ಕೊಂಡನು. ದ್ವೀಪದ ಕಮ್ಮಾರರು ಅವನ್ನು ನೋಡಿ ತಾವೂ ಮಾಡಲು ಕಲಿತರು. 32 ವರ್ಷಗಳ ಬಳಿಕ, 1575ರ ನಾಗಶಿನೊ ಕಾಳಗದಲ್ಲಿ, ಓದ ನೊಬುನಾಗನ ಕೋವಿಪಡೆಯು ತಕೆದ ವಂಶದ ಹೆಸರಾಂತ ಸೇನೆಯನ್ನು ನೆಲಕಚ್ಚಿಸಿತು. ಬಂದೂಕಿನ ಕಾನೂನು ಬಹು ಕಟ್ಟುನಿಟ್ಟಾಗಿರುವ ಇಂದಿನ ಜಪಾನಿನಲ್ಲಿ ಆ ಹಳೆಯ ಕೋವಿಗಳನ್ನು ಪುರಾತನ ಕಲಾವಸ್ತುಗಳೆಂದು ನೋಂದಾಯಿಸುವ ಹೊಣೆ ಆಯಾ ಪ್ರಾಂತ್ಯದ ಶಿಕ್ಷಣ ಮಂಡಳಿಯದು. ಕೊಲ್ಲುವ ಉಪಕರಣವೊಂದು ಕಲಿಯುವ ಉಪಕರಣವಾಗಬಲ್ಲದೆಂದು ಒಂದು ದೇಶದ ಕಾನೂನೇ ಒಪ್ಪಿದಂತಾಯಿತು.

ಬಾಯಿಯಿಂದ ಮದ್ದು ತುಂಬುವ ಕೋವಿಗಳಿಗಾಗಿ 1971ರಲ್ಲಿ ಅಂತರರಾಷ್ಟ್ರೀಯ ಸಂಘವೊಂದು ಸ್ಥಾಪನೆಯಾಯಿತು. ಅದರ ವಿಶ್ವ ಸ್ಪರ್ಧೆಗಳಲ್ಲಿ 50 ಮೀಟರ್ ದೂರದ ಗುರಿಗೆ ಬತ್ತಿಕೋವಿಯಿಂದ ನಿಂತು ಹೊಡೆಯುವ ವಿಭಾಗಕ್ಕೆ ತನೆಗಾಶಿಮ ಎಂದೇ ಹೆಸರು. ಅರ್ಧ ಗಂಟೆಯಲ್ಲಿ 13 ಗುಂಡುಗಳನ್ನು ಹಾರಿಸಬಹುದು. ಉತ್ತಮವಾದ 10 ಲೆಕ್ಕಕ್ಕೆ ಬರುತ್ತವೆ. ಒಂದು ಗುಂಡಿಗೆ ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಮಯ. ಅಷ್ಟರಲ್ಲಿ ಮದ್ದನ್ನು ಅಳೆಯಬೇಕು, ಜಡಿಯಬೇಕು, ಹುರಿಯ ಕೆಂಡ ಆರದಂತೆ ನೋಡಿಕೊಳ್ಳಬೇಕು, ಆಮೇಲೆ ಗುರಿ ಹಿಡಿಯಬೇಕು. ಇಲ್ಲಿ ಆತುರಗಾರನಿಗೆ ಸ್ಥಾನವಿಲ್ಲ.

ಹಾರಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ಕರಿಮದ್ದು ಎಂದರೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಅದು ಉರಿದಾಗ ಅರ್ಧಕ್ಕಿಂತ ಹೆಚ್ಚಿನ ಪಾಲು ಅನಿಲವಾಗದೆ, ದಟ್ಟವಾದ ಬಿಳಿ ಹೊಗೆಯಾಗಿಯೂ ನಳಿಗೆಗೆ ಅಂಟುವ ಮಸಿಯಾಗಿಯೂ ಉಳಿಯುತ್ತದೆ. ಆ ಮಸಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಅಂದೇ ನೀರಿನಿಂದ ತೊಳೆದು ಒರೆಸದಿದ್ದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಎಷ್ಟೋ ಸಲ ಹಾರಿಸುವ ಹೊತ್ತಿಗಿಂತ ತೊಳೆಯುವ ಹೊತ್ತೇ ದೀರ್ಘ. ತಾನು ಮಾಡಿದ ಕೃತ್ಯದ ಕೊಳೆಯನ್ನು ಅದೇ ಸಂಜೆ ತಾನೇ ತೊಳೆಯಬೇಕೆಂಬ ಈ ನಿಯಮ ನಮ್ಮ ಇತರ ಕೃತ್ಯಗಳಿಗೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಆದ್ದರಿಂದ ಈ ಹವ್ಯಾಸವನ್ನು ಹಿಂಸೆಯ ಚಪಲವೆಂದು ತಳ್ಳಿಹಾಕುವುದು ಅನ್ಯಾಯ. ಕೊಡಗಿನವರನ್ನೇ ನೋಡಿ. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ನೆರೆಹೊರೆಗೆ ತಿಳಿಸುವ ಸಂಪ್ರದಾಯವಿದೆ. ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ನಮ್ಮ ಕ್ರೈಸ್ತ ಪರಂಪರೆಯಲ್ಲಿಯೂ ಫಿರಂಗಿ ಹಾರಿಸುವವರಿಗೆ ಪಾಲಕ ಸಂತಳಾಗಿ ಬಾರ್ಬರಾ ಇದ್ದಾಳೆ. ಸಿಡಿಲಿನಿಂದಲೂ ಹಠಾತ್ ಮರಣದಿಂದಲೂ ಕಾಪಾಡೆಂದು ಆಕೆಯನ್ನು ಬೇಡುತ್ತಿದ್ದ ಸ್ಪೇನಿನವರು ಹಡಗಿನ ಮದ್ದಿನ ಕೋಣೆಗೇ ಆಕೆಯ ಹೆಸರನ್ನಿಟ್ಟರು. ಮದ್ದು ಶತ್ರುವನ್ನಷ್ಟೇ ಅಲ್ಲ, ತುಂಬುವವನನ್ನೂ ಕೊಲ್ಲಬಲ್ಲದೆಂಬ ಭಯಭಕ್ತಿ ಅವರಿಗಿತ್ತು.

ಆದರೆ "ಅದು ಬರಿಯ ಹಳೆಯ ಕಬ್ಬಿಣ, ಅದರಲ್ಲಿ ಪಾಪವೇನು, ಪುಣ್ಯವೇನು?" ಎಂಬ ಮಾತನ್ನೂ ನಾನು ಒಪ್ಪಲಾರೆ. ಹಳೆಯ ಕೋವಿಗಳನ್ನು ಬಲ್ಲವರು ಹೊಸಬರಿಗೆ ಕಲಿಸುವ ಮೊದಲ ಪಾಠವೊಂದಿದೆ: ನಳಿಗೆ ಖಾಲಿಯಿದೆಯೆಂದು ಎಂದೂ ನಂಬಬೇಡ. ತುಂಬಿಸಿದವನು ಸತ್ತು ನೂರು ವರ್ಷವಾಗಿದ್ದರೂ ತುಂಬಿಸಿದ್ದು ಒಳಗೇ ಇರಬಹುದು. 2018ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಬತ್ತಿದ ಬಾವಿಯೊಂದರಿಂದ ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ಯುದ್ಧ ರಾಕೆಟ್‌ಗಳನ್ನು ಹೊರತೆಗೆದಾಗ ಅವುಗಳ ಕಬ್ಬಿಣದ ಕೊಳವೆಗಳಲ್ಲಿ ಮದ್ದು ಇನ್ನೂ ಉಳಿದಿತ್ತು. 2008ರಲ್ಲಿ ಅಮೆರಿಕದ ವರ್ಜೀನಿಯದಲ್ಲಿ ಅಂತರ್ಯುದ್ಧದ ಕಾಲದ ವಸ್ತುಗಳನ್ನು ಸಂಗ್ರಹಿಸುತ್ತಿದ್ದ ಅನುಭವಿಯೊಬ್ಬರು ತಮ್ಮ ಮನೆಯಂಗಳದಲ್ಲಿ ಫಿರಂಗಿ ಗುಂಡೊಂದನ್ನು ಶುಚಿಗೊಳಿಸುತ್ತಿದ್ದಾಗ ಅದು ಸಿಡಿದು ಮರಣ ಹೊಂದಿದರು. ಮುಗಿದು 140 ವರ್ಷಕ್ಕೂ ಹೆಚ್ಚಾಗಿದ್ದ ಯುದ್ಧವೊಂದು ಹೀಗೆ ಇನ್ನೊಬ್ಬನನ್ನು ಬಲಿ ತೆಗೆದುಕೊಂಡಿತು.

ಅದೇ ಅಂತರ್ಯುದ್ಧದ ಇನ್ನೊಂದು ಲೆಕ್ಕ ನನ್ನನ್ನು ಬಹುಕಾಲ ಕಾಡಿದೆ. 1863ರ ಗೆಟಿಸ್ಬರ್ಗ್ ಕದನ ಮುಗಿದ ಮೇಲೆ ರಣರಂಗದಲ್ಲಿ ಬಿದ್ದಿದ್ದ ಸುಮಾರು 27,500 ಕೋವಿಗಳನ್ನು ಸಂಗ್ರಹಿಸಿ ಪರೀಕ್ಷಿಸಿದರು. ಅವುಗಳಲ್ಲಿ ಸುಮಾರು 24,000 ಕೋವಿಗಳಲ್ಲಿ ಮದ್ದುಗುಂಡು ತುಂಬಿದಂತೆಯೇ ಇತ್ತು. ಅವುಗಳಲ್ಲಿಯೂ ಅರ್ಧದಷ್ಟರಲ್ಲಿ ಒಂದರ ಮೇಲೊಂದು ಎರಡು ಸಲ ತುಂಬಲಾಗಿತ್ತು. ಮೂರರಿಂದ ಹತ್ತು ಸಲ ತುಂಬಿದ ಕೋವಿಗಳೂ ಸಾವಿರಾರು ಇದ್ದವು. ಗದ್ದಲದಲ್ಲಿ ಕೇಪು ಹಾರದ್ದು ತಿಳಿಯಲಿಲ್ಲವೆಂದು ಕೆಲವರು, ಭಯದಿಂದ ಕೈ ಮರಗಟ್ಟಿತೆಂದು ಕೆಲವರು, ಎದುರಿನವನನ್ನು ಕೊಲ್ಲಲು ಮನಸ್ಸು ಒಪ್ಪದೆ ತುಂಬುವಂತೆ ನಟಿಸಿದರೆಂದು ಇನ್ನು ಕೆಲವರು ವಿವರಿಸುತ್ತಾರೆ. ಯಾವುದು ನಿಜವಾದರೂ ಆ ನಳಿಗೆಗಳಲ್ಲಿ ಉಳಿದಿದ್ದದ್ದು ಮದ್ದುಗುಂಡು ಮಾತ್ರವಲ್ಲ. ನಡುಗುತ್ತಿದ್ದ ಒಂದೊಂದು ಜೀವದ ಆ ಕ್ಷಣವೂ ಅಲ್ಲಿಯೇ ಉಳಿದಿತ್ತು. ಇಂಥ ಕೋವಿಯನ್ನು ಮೆರುಗುಕೊಟ್ಟು ಗಾಜಿನ ಕಪಾಟಿನಲ್ಲಿಡುವವನು ಆ ಕ್ಷಣಕ್ಕೂ ಸ್ಥಳ ಕೊಡಬೇಡವೆ?

ಈಗ ನಮ್ಮ ಅಜ್ಜನ ಕೋವಿಗೆ ಬರುತ್ತೇನೆ. ಮಕ್ಕಳಾದ ನಾವು ಆ ಕೋವಿಯ ಬಗ್ಗೆ ಬಲ್ಲದ್ದು ಅದು ಕೆಡವಿದ ಕಾಡುಹಂದಿಗಳ ಕಥೆ ಮಾತ್ರ. ಶಾಲೆಯಲ್ಲಿ ಅದನ್ನು ಹೇಳಿ ಹೆಮ್ಮೆಪಟ್ಟದ್ದೂ ಉಂಟು. ಅಜ್ಜ ತೀರಿಕೊಂಡ ವರ್ಷ ಅಜ್ಜಿ ಉಳಿದ ಕಥೆಯನ್ನು ಹೇಳಿದರು. ಒಂದು ರಾತ್ರಿ ತೋಟದಲ್ಲಿ ಹಂದಿ ಕಾಯುತ್ತಿದ್ದಾಗ ಪೊದೆ ಅಲುಗಿತು, ಅಜ್ಜ ಹೊಡೆದರು. ಅಲ್ಲಿದ್ದದ್ದು ನಮ್ಮದೇ ತೋಟದ ಆಳು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಅಂದಿನಿಂದ ಅಜ್ಜ ಕೋವಿ ಹಾರಿಸಲಿಲ್ಲ. ವರ್ಷವರ್ಷವೂ ಆ ಮನೆಗೆ ಅಕ್ಕಿ ಕಳುಹಿಸುತ್ತಿದ್ದರಂತೆ. ಅದು ಸಾಕಾಗಿತ್ತೆಂದು ಅಜ್ಜಿ ಹೇಳಲಿಲ್ಲ.

ಆ ಮನುಷ್ಯನನ್ನು ನಾನು ಬಲ್ಲೆ. ನಮ್ಮ ಅಂಗಳಕ್ಕೆ ಕುಂಟುತ್ತಾ ಬರುತ್ತಿದ್ದವನನ್ನು ಕಂಡು, ಅವನ ಬೆನ್ನ ಹಿಂದೆ ಅವನಂತೆಯೇ ಕುಂಟಿ ನಾವು ನಕ್ಕಿದ್ದೇವೆ. ಅಜ್ಜ ಒಮ್ಮೆ ಅದನ್ನು ನೋಡಿ ಏನೂ ಹೇಳದೆ ಒಳಗೆ ಹೋದರು. ಅವರು ಅಂದು ಮಾತನಾಡಿದ್ದರೆ ನಾನು ಬೇರೆ ರೀತಿಯ ಹುಡುಗನಾಗುತ್ತಿದ್ದೆನೆಂದು ಈಗ ಅನಿಸುತ್ತದೆ. ಇನ್ನೊಂದು ವಿಷಯವೂ ತಡವಾಗಿ ಹೊಳೆಯಿತು. ಅಂಗಳದಂಚಿನಲ್ಲಿ ಕುಳಿತು ಗಂಜಿ ಉಣ್ಣುವಾಗ ಅವನ ಕಣ್ಣಿಗೆ ನೇರವಾಗಿ ಬೀಳುತ್ತಿದ್ದದ್ದು ಚಾವಡಿಯ ಗೋಡೆಯ ಮೇಲಿನ ಆ ಕೋವಿಯೇ. ಅಜ್ಜ ತನಗೆ ಮರೆವು ಬಾರದಿರಲೆಂದು ಅದನ್ನು ಅಲ್ಲಿಟ್ಟಿದ್ದಿರಬಹುದು. ಆದರೆ ಆ ನೆನಪಿನ ಭಾರವನ್ನು ದಿನದಿನವೂ ಹೊತ್ತವನು ಅಂಗಳದಲ್ಲಿ ಕುಳಿತಿದ್ದ.

ನನಗೆ ದೊರೆತ ಉತ್ತರ ಇಷ್ಟು. ಆಯುಧವನ್ನು ಉಳಿಸಿಕೊಳ್ಳುವುದು ತಪ್ಪಲ್ಲ. ಅದರ ಅರ್ಧ ಕಥೆಯನ್ನು ಮಾತ್ರ ಉಳಿಸಿಕೊಳ್ಳುವುದು ತಪ್ಪು. ಕೋವಿಗೆ ಎರಡು ತುದಿಗಳಿವೆ. ಹಿಡಿದವನ ಸಾಹಸ, ಕಮ್ಮಾರನ ಕೈಚಳಕ, ಮರದ ಕೆತ್ತನೆ ಇವೆಲ್ಲ ಒಂದು ತುದಿಯ ಕಥೆ. ಇನ್ನೊಂದು ತುದಿಯಲ್ಲಿ ನಿಂತವರ ಕಥೆಯನ್ನು ಹೇಳುವ ಧೈರ್ಯವಿಲ್ಲದಿದ್ದರೆ, ನಮ್ಮ ಸಂಗ್ರಹ ಎಷ್ಟು ಅಮೂಲ್ಯವಾಗಿದ್ದರೂ ಅದು ಜಂಬದ ವಸ್ತುವೇ ಸರಿ.

ನಿಮ್ಮ ಮನೆಯಲ್ಲಿಯೂ ಇಂಥ ಕೋವಿಯಿದ್ದರೆ ಮೊದಲು ಬಲ್ಲವರಿಂದ ನಳಿಗೆಯನ್ನು ಪರೀಕ್ಷೆ ಮಾಡಿಸಿ. ಹಳೆಯದೆಂಬ ಮಾತ್ರಕ್ಕೆ ಪರವಾನಗಿ ಬೇಡವೆಂದು ಭಾವಿಸಬೇಡಿ. 1959ರ ಆಯುಧ ಕಾಯಿದೆಯ ವಿನಾಯಿತಿ ಇರುವುದು, ದುರಸ್ತಿ ಮಾಡಿದರೂ ಹಾರದಂಥ ಪುರಾತನ ಆಯುಧಗಳಿಗೆ ಮಾತ್ರ. ಇದಿಷ್ಟು ಸುಲಭ. ಆಮೇಲೆ ಒಂದು ಸಂಜೆ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕೂರಿಸಿಕೊಂಡು, ಹಿರಿಯರು ಹೇಳದೆ ಬಿಟ್ಟದ್ದನ್ನು ಹೇಳಿ. ಅದು ಅಷ್ಟು ಸುಲಭವಲ್ಲ.

ನಮ್ಮ ಕೋವಿ ಈಗ ಚಾವಡಿಯಲ್ಲಿಲ್ಲ. ಒಳಕೋಣೆಯ ಬೀಗದ ಪೆಟ್ಟಿಗೆಯಲ್ಲಿದೆ. ಪರವಾನಗಿ ಚಿಕ್ಕಪ್ಪನ ಹೆಸರಿನಲ್ಲಿದೆ. ಸಂಗ್ರಾಹಕರೊಬ್ಬರಿಗೆ ಅದನ್ನು ಕೊಡುವ ಮಾತು ಮನೆಯಲ್ಲಿ ನಡೆದಿದೆ. ಕೊಡಬೇಕೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ. ನಾನು ಮಾತ್ರ ಒಂದು ಹಾಳೆಯಲ್ಲಿ ಆ ರಾತ್ರಿಯ ಕಥೆಯನ್ನು, ನಾವು ಮಕ್ಕಳು ಅಂಗಳದಲ್ಲಿ ಮಾಡಿದ್ದನ್ನೂ ಬಿಡದೆ, ಬರೆದು ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಕೋವಿ ಯಾರ ಕೈಗೆ ಹೋದರೂ ಆ ಹಾಳೆ ಅದರ ಜೊತೆಗೇ ಹೋಗಬೇಕು. ಅದರಿಂದ ಬೆಲೆ ಕಡಿಮೆಯಾಗುವುದಾದರೆ ಆಗಲಿ.