ರಮಿಸುವ ನುಡಿ ಮತ್ತು ಕಾರಿತದ ಹೊಣೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಮನೆಗಳಲ್ಲಿ ಮಗು ಅತ್ತರೆ ಹಿರಿಯರು ಸೊಸೆಗೆ ಹೇಳುವುದುಂಟು: 'ಕೂಸಿನ್ನ ಸ್ವಲ್ಪ ರಮಿಸವ್ವಾ.' ಇಲ್ಲಿ ರಮಿಸುವುದೆಂದರೆ ಸವಿನುಡಿಯಿಂದ ಸಮಾಧಾನಪಡಿಸಿ ಒಲಿಸಿಕೊಳ್ಳುವುದು. ಕಾವ್ಯಗಳನ್ನು ಓದಿದವರಿಗೆ ಈ ಶಬ್ದದ ಬೇರೊಂದು ಅರ್ಥವೂ ಪರಿಚಿತವಾದುದು. ಅಲ್ಲಿ ರಮಿಸುವುದೆಂದರೆ ತಾನೇ ಸುಖಿಸುವುದು, ಕ್ರೀಡಿಸುವುದು. ಆತ್ಮನು ತನ್ನ ಸ್ವಭಾವದಲ್ಲಿ ರಮಿಸಬೇಕೆಂದು ನಮ್ಮ ಪ್ರವಚನಗಳಲ್ಲಿ ಕೇಳುವಾಗಲೂ ಈ ಅರ್ಥವೇ ಇದೆ.

ಸಂಸ್ಕೃತದ 'ರಮ್' ಧಾತುವಿಗೆ ಕನ್ನಡದ 'ಇಸು' ಪ್ರತ್ಯಯ ಸೇರಿ ಈ ಪದವಾಗಿದೆ. 'ಇಸು' ಸಂಸ್ಕೃತ ಧಾತುವನ್ನು ಕನ್ನಡದ್ದಾಗಿಸುತ್ತದೆ. 'ಮಾಡಿಸು', 'ಉಣಿಸು' ಎಂಬಲ್ಲಿಯಂತೆ ಪ್ರೇರಣಾರ್ಥವನ್ನೂ ಕೊಡುತ್ತದೆ. ನಮ್ಮ ಸೀಮೆಯ ಬಳಕೆಯಲ್ಲಿರುವುದು ಈ ಎರಡನೆಯ ಛಾಯೆ. ವ್ಯಾಕರಣದ ಪ್ರೇರಣೆಗೆ ಸಮನಾದುದು ಧರ್ಮದಲ್ಲಿ 'ಕಾರಿತ'. ತತ್ತ್ವಾರ್ಥಸೂತ್ರವು ಕೃತ, ಕಾರಿತ, ಅನುಮತ ಎಂದು ಎಣಿಸುತ್ತದೆ. ಜೀವನು ತಾನು ಮಾಡಿದ್ದಕ್ಕಷ್ಟೇ ಅಲ್ಲ, ಮಾಡಿಸಿದ್ದಕ್ಕೂ, ಸಮ್ಮತಿಸಿದ್ದಕ್ಕೂ ಹೊಣೆಗಾರನು.

ಜನ್ನ ಕವಿಯು 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯ ತಿರುಳೂ ಇದೇ. ಮಗನಿಗೆ ಕೇಡು ತಟ್ಟದಿರಲೆಂದು ತಾಯಿ ಚಂದ್ರಮತಿ ದೇವಿಗೆ ಬಲಿ ಕೊಡುವಂತೆ ಒತ್ತಾಯಿಸುತ್ತಾಳೆ. ಯಶೋಧರನು ಜೀವವಧೆಗೆ ಒಪ್ಪುವುದಿಲ್ಲ. ಕಡೆಗೆ ಹಿಟ್ಟಿನ ಕೋಳಿಯನ್ನಾದರೂ ಕೊಡುವಂತೆ ಆಕೆ ಅವನನ್ನು ಒಡಂಬಡಿಸುತ್ತಾಳೆ. ಕಡಿದದ್ದು ಹಿಟ್ಟನ್ನಾದರೂ ಸಂಕಲ್ಪ ಹಿಂಸೆಯದಾಗಿತ್ತು. ಮಗ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟಿ ಇಬ್ಬರೂ ಭವಭವಗಳಲ್ಲಿ ತೊಳಲುತ್ತಾರೆ. ತಾಯಿಯ ಪ್ರೀತಿ ಸುಳ್ಳಲ್ಲ; ಆದರೆ ಆ ಪ್ರೀತಿಯು ಕಾರಿತದ ಹೊಣೆಯನ್ನು ಕಳೆಯಲಿಲ್ಲ.

ಈ ಮಾತನ್ನು ನಾನು ಅನುಭವದಿಂದ ಬರೆಯುತ್ತಿದ್ದೇನೆ. ಒಂದು ವರ್ಷ ಅನಂತ ಚತುರ್ದಶಿಯಂದು ಎಂಟು ವರ್ಷದ ಮೊಮ್ಮಗನನ್ನು ನಾನೇ ರಮಿಸಿ ಉಪವಾಸ ಮಾಡಿಸಿದೆ. ಸಂಜೆ ಬಸದಿಯಲ್ಲಿ ಎಲ್ಲರೂ ಅವನನ್ನು ಹೊಗಳಿದರು, ನಾನು ಹಿಗ್ಗಿದೆ. ರಾತ್ರಿ ಅವನು ಹಸಿವಿನಿಂದ ಅಳತೊಡಗಿದಾಗ ರಮಿಸಲು ನನ್ನಲ್ಲಿ ಮಾತಿರಲಿಲ್ಲ. ಉಪವಾಸ ಅವನದಾಗಿತ್ತು, ಆಸೆ ನನ್ನದಾಗಿತ್ತು.

ರಮಿಸುವುದೇ ತಪ್ಪೆಂದು ಯಾರೂ ತಿಳಿಯಬಾರದು. ಔಷಧ ಒಲ್ಲದ ಕೂಸಿಗೆ, ಮುನಿದು ಕುಳಿತ ಅಣ್ಣತಮ್ಮಂದಿರಿಗೆ ಸವಿನುಡಿಯೇ ಬೇಕು. ಆದರೆ ಮಕ್ಕಳನ್ನು ವ್ರತಕ್ಕೆ, ಮಗಳನ್ನು ಮದುವೆಗೆ, ವೃದ್ಧರನ್ನು ದಾನಪತ್ರದ ಸಹಿಗೆ ಒಪ್ಪಿಸುವಾಗ ಮನೆಯ ಹಿರಿಯರೂ ಬಸದಿಯ ಪಂಚರೂ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಇದರಲ್ಲಿರುವ ಹಿತ ಅವರದೋ, ನಮ್ಮದೋ? 'ಬೇಡ' ಎನ್ನಲು ಅವರಿಗೆ ಎಡೆಯಿದೆಯೋ, ಇಲ್ಲವೋ?

ಅವರು ಒಪ್ಪಿದರೆಂದು ಹೇಳಿ ಕೈತೊಳೆದುಕೊಳ್ಳುವ ಮುನ್ನ, ಒಪ್ಪಿಸಿದವರು ನಾವೆಂಬುದನ್ನು ನೆನೆಯೋಣ.