ಕಟ್ಟದ ನೀರು ಯಾರದ್ದು?

ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬರ್ತದೆ. ಜಿಲ್ಲೆಯಲ್ಲಿ 12 ಹೊಳೆಗಳುಂಟು. ಆದರೂ ಮಾರ್ಚ್ ಬಂತೆಂದರೆ ಅಡಿಕೆ ತೋಟಕ್ಕೆ ನೀರಿಲ್ಲ. ನೆಲ ಇಳಿಜಾರು, ಬಿದ್ದ ನೀರು ನಿಲ್ಲದೆ ಕಡಲಿಗೆ ಓಡುತ್ತದೆ. ಇದಕ್ಕೆ ಹಿರಿಯರು ಕಂಡುಕೊಂಡ ಉಪಾಯಗಳಲ್ಲಿ ಎರಡು ದೊಡ್ಡವು: ಗುಡ್ಡದ ಒಡಲಿಗೆ ಕೊರೆದ ಸುರಂಗ, ತೋಡಿಗೆ ಅಡ್ಡ ಹಾಕುವ ಕಟ್ಟ.

ತುಲಾ ಮಳೆ ನಿಂತು ತೋಡಿನ ಹರಿವು ಸಣ್ಣದಾದ ಮೇಲೆ ಕಲ್ಲು, ಮಣ್ಣು ಹಾಕಿ ಕಟ್ಟ ಕಟ್ಟುವುದು. ಮಳೆಗಾಲದಲ್ಲಿ ತೋಡಿಗೆ ದಾರಿ ಬಿಡುವುದು. ಮುಂದಿನ ವರ್ಷ ಪುನಃ ಕಟ್ಟುವುದು. ಏತಡ್ಕದಂಥ ಕಡೆ ಒಂದೇ ತೋಡಿಗೆ ಸಾಲು ಕಟ್ಟಗಳು. ಒಂದರ ನೀರು ಅದರ ಮೇಲಿನದ್ದರ ಬುಡದವರೆಗೆ ನಿಲ್ಲುತ್ತದೆ. ಕಣ್ಣಿಗೆ ಕಾಣುವ ನೀರಷ್ಟೇ ಅಲ್ಲ, ಎರಡೂ ದಡದ ಮಣ್ಣು ಕುಡಿದ ನೀರೂ ಲೆಕ್ಕಕ್ಕೆ ಬೇಕು. ಅದೇ ಬೇಸಗೆಯಲ್ಲಿ ಸುತ್ತಲಿನ ಬಾವಿ, ಕೆರೆಗಳಿಗೆ ಒಸರುವುದು.

ಧರ್ಮಸಂಕಟ ಹುಟ್ಟುವುದು ಇಲ್ಲಿಯೇ. ಹೀಗೆ ಒಸರುವ ನೀರಿಗೆ ಗುರುತಿಲ್ಲ. ಹಣ ಕೊಟ್ಟವನ ಬಾವಿಯಲ್ಲೂ ನೀರೇರುತ್ತದೆ, ಮನೆಯಲ್ಲಿ ಕೂತವನ ಬಾವಿಯಲ್ಲೂ ಏರುತ್ತದೆ. ಹಾಗಾಗಿ ಒಬ್ಬರು ಕೇಳ್ತಾರೆ: "ಅವ ಕೊಡುವುದಿಲ್ಲ, ನಾನು ಎಂತಕ್ಕೆ ಕೊಡ್ಬೇಕು?" ಇದು ಬರೀ ಜಿಪುಣತನದ ಮಾತಲ್ಲ. ಕಟ್ಟಕ್ಕೆ ಆಳುಗಳು ಬೇಕು, ಇಂದಿನ ಮಜೂರಿ ಸಣ್ಣದೂ ಅಲ್ಲ. ಪ್ರತಿ ವರ್ಷ ಅದೇ ನಾಲ್ಕು ಮನೆಯವರು ಹೊರುವುದಾದರೆ ಅದು ನ್ಯಾಯವೇ?

ಬೋರ್‌ವೆಲ್ಲಿಗೆ ಈ ತಕರಾರಿಲ್ಲ ಎಂದು ತೋರುತ್ತದೆ. ನನ್ನ ಹಣ, ನನ್ನ ಜಾಗ, ನನ್ನ ಪಂಪು, ನೆರೆಮನೆಯವರನ್ನು ಕೇಳಬೇಕಾದ್ದಿಲ್ಲ. ಆದರೆ ಬರುವ ನೀರು? ನೆಲದಡಿಯಲ್ಲಿ ಸರ್ವೆ ನಂಬ್ರವಿಲ್ಲ, ಬೇಲಿಯೂ ಇಲ್ಲ. ಕಟ್ಟಕ್ಕೆ ಕೊಡದವನನ್ನು ನಾವು ಹೆಸರು ಹಿಡಿದು ಆಡಿಕೊಳ್ಳುತ್ತೇವೆ. ಹೇಳದೆ ಕೇಳದೆ ಎತ್ತುವವನನ್ನು ಮಾತ್ರ ಅನುಕೂಲಸ್ಥ ಅನ್ನುತ್ತೇವೆ.

ಬೇಲಿ ಸುಳ್ಳೆಂದು ಈ ಜಿಲ್ಲೆಗೆ ಬೇರೆಯವರು ಕಲಿಸಬೇಕಾಗಿಲ್ಲ. 2000ದವರೆಗೆ ಸುಮಾರು ಎರಡು ದಶಕ ಕಾಲ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ತೋಟ ಒಬ್ಬರದ್ದಾದರೂ ವಿಷ ಇಳಿದದ್ದು ಎಣ್ಮಕಜೆಯಂಥ ಊರುಗಳ ತೋಡು, ಬಾವಿ, ಅಂಗಳಗಳಿಗೆ. ನೆರೆಯವನ ಕೆಡುಕು ಬೇಲಿ ದಾಟಿ ಬಂದಾಗ ನಾವು ನ್ಯಾಯ ಕೇಳಿದೆವು. ಒಳಿತು ದಾಟಿ ಬಂದಾಗ ಸುಮ್ಮನೆ ಕುಡಿದು ಕೂರುವುದಾದರೆ ಆ ನ್ಯಾಯದ ಮಾತಿಗೆ ಬೆಲೆ ಎಲ್ಲಿ ಉಳಿಯಿತು?

ನನಗೆ ಕಾಣುವ ಅಳತೆ ಇಷ್ಟೇ: ಹೆಚ್ಚು ಎತ್ತುವವನ ಸರದಿ ಮೊದಲು. ಐದು ಸೆಂಟ್ಸಿನಲ್ಲಿ ಮನೆ ಕಟ್ಟಿಕೊಂಡು ಕೊಡ ಹಗ್ಗದಲ್ಲಿ ನೀರು ಸೇದುವ ಕೂಲಿಯವರ ಮೇಲೆ ಈ ಋಣವಿಲ್ಲ. ಎರಡು ಎಕ್ರೆಗೆ ಸ್ಪ್ರಿಂಕ್ಲರ್ ತಿರುಗಿಸುವವನ ಮೇಲೆ ಖಂಡಿತ ಉಂಟು, ಅವನ ತೋಟ ತೋಡಿನಿಂದ ದೂರವಿದ್ದರೂ. ಅವನು ಬಾರದಿದ್ದರೆ? ಆಗಲೂ ಕಟ್ಟಲೇಬೇಕು. ಅವನ ಮೇಲಿನ ಸಿಟ್ಟಿಗೆ ಕಟ್ಟ ಬಿಟ್ಟರೆ ಮೊದಲು ಬತ್ತುವುದು ಆ ಐದು ಸೆಂಟ್ಸಿನ ಬಾವಿ. ಅವನಿಗಾದರೆ ಇನ್ನೂ ಆಳಕ್ಕೆ ಕೊರೆಸಲು ದುಡ್ಡುಂಟು.